ಕಡಲಿನ ಪಕ್ಕದ ಮನೆ, ನಾಲ್ಕು ವರ್ಷದ ಕಾರು, ಚಕ್ರದ ಬಳಿ ಒಂದು ಗುಳ್ಳೆ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಮಲ್ಪೆಯ ಪಡುಕರೆಯಲ್ಲಿದೆ. ಅಂಗಳದಿಂದ ಕಡಲಿಗೆ ಹೆಚ್ಚೆಂದರೆ ನೂರೈವತ್ತು ಮೀಟರ್. ನಾಲ್ಕು ವರ್ಷದ ಹಿಂದೆ ಹೊಸದಾಗಿ ಕೊಂಡ ಸಣ್ಣ ಪೆಟ್ರೋಲ್ ಕಾರಿನಲ್ಲಿ ವಾರದ ಐದು ದಿನ ಹೆದ್ದಾರಿ ಹಿಡಿದು ಸುರತ್ಕಲ್‌ಗೆ ಹೋಗಿಬರುತ್ತೇನೆ. ಮಳೆ ನಿಂತ ಮೇಲೆ ಒಂದು ದಿನ ಟಯರ್ ಪಂಕ್ಚರ್ ಆಗಿ, ಜ್ಯಾಕ್ ಹಾಕಿ ಕೆಳಗೆ ಇಣುಕಿದಾಗ ಎದೆ ಝಲ್ಲೆಂದಿತು. ಸಸ್ಪೆನ್ಷನ್ ಭಾಗಗಳು, ಬೋಲ್ಟುಗಳು, ಸೈಲೆನ್ಸರ್ ಪೈಪು ಎಲ್ಲವೂ ಕೆಂಪಾಗಿವೆ. ಹಿಂದಿನ ಎಡ ಚಕ್ರದ ಕಮಾನಿನ ಅಂಚಿನಲ್ಲಿ ಪೇಂಟ್ ಸಣ್ಣದಾಗಿ ಗುಳ್ಳೆ ಎದ್ದಿದೆ. ಸರ್ವಿಸ್ ಸೆಂಟರಿನವರು ಆ್ಯಂಟಿ ರಸ್ಟ್ ಕೋಟಿಂಗ್, ಸಿರಾಮಿಕ್ ಕೋಟಿಂಗ್ ಎರಡನ್ನೂ ಮಾಡಿಸಿ ಎನ್ನುತ್ತಾರೆ. ನೆರೆಮನೆಯ ಟೆಂಪೊ ಮಾಲೀಕರು ಸುಟ್ಟ ಎಂಜಿನ್ ಆಯಿಲ್ ಹೊಡೆಸಿದರೆ ಸಾಕು ಎನ್ನುತ್ತಾರೆ. ಅಮೆರಿಕದ ಮಿಷಿಗನ್‌ನಲ್ಲಿರುವ ನನ್ನ ಭಾವ, ಅಲ್ಲಿ ರಸ್ತೆಗೆ ಉಪ್ಪು ಹಾಕುವುದರಿಂದ ಪ್ರತಿವರ್ಷ ಕಾರಿನ ಅಡಿಗೆ ಎಣ್ಣೆ ಸಿಂಪಡಿಸುತ್ತೇವೆ, ನೀನೂ ಹಾಗೇ ಮಾಡು ಎನ್ನುತ್ತಾರೆ. ನಾನು ಕಾರನ್ನು ತಗಡಿನ ಮಾಡಿನ ಕೆಳಗೆ ನಿಲ್ಲಿಸುತ್ತೇನೆ, ರಾತ್ರಿ ಪ್ಲಾಸ್ಟಿಕ್ ಹೊದಿಕೆ ಹಾಕುತ್ತೇನೆ, ಮನೆಯ ಬಾವಿ ನೀರಿನಿಂದ ವಾರಕ್ಕೊಮ್ಮೆ ತೊಳೆಯುತ್ತೇನೆ. ಇಷ್ಟು ಮಾಡಿಯೂ ಹೀಗೇಕೆ? ಕೆಡುವ ಮೊದಲೇ ಮಾರಿಬಿಡುವುದು ಒಳ್ಳೆಯದೇ?

ಉತ್ತರ: ನಿಮ್ಮನ್ನು ಹೆದರಿಸಿದ ಕೆಂಪು ಬಣ್ಣ ಅಷ್ಟು ಗಂಭೀರವಾದುದಲ್ಲ. ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋದಿರಲ್ಲ, ಚಕ್ರದ ಕಮಾನಿನ ಗುಳ್ಳೆ, ಅದು ಗಂಭೀರ. ಮೊದಲು ಈ ಎರಡನ್ನು ಬೇರ್ಪಡಿಸೋಣ.

ಚಕ್ರವನ್ನು ಬಾಡಿಯೊಂದಿಗೆ ಹಿಡಿದಿಡುವ ಲೋವರ್ ಆರ್ಮ್, ಹಿಂದಿನ ಆ್ಯಕ್ಸಲ್, ಬೋಲ್ಟುಗಳು ದಪ್ಪ ಉಕ್ಕಿನವು. ಅವುಗಳ ಮೇಲಿನ ಬಣ್ಣ ತೆಳುವಾದದ್ದು, ಕಲ್ಲು ಸಿಡಿದು ಬೇಗ ಹೋಗುತ್ತದೆ. ಆಮೇಲೆ ಮೇಲ್ಮೈ ಕೆಂಪಾಗುತ್ತದೆ, ಆದರೆ ಒಳಗಿನ ಲೋಹ ವರ್ಷಗಟ್ಟಲೆ ಗಟ್ಟಿಯಾಗಿಯೇ ಇರುತ್ತದೆ. ಕರಾವಳಿಯಲ್ಲಿ ಎರಡು ಮಳೆಗಾಲ ಕಂಡ ಯಾವ ಕಾರನ್ನು ಲಿಫ್ಟ್ ಮೇಲೆ ಎತ್ತಿದರೂ ಈ ಬಣ್ಣ ಕಾಣುತ್ತದೆ. ರಾತ್ರಿ ಮಳೆಯಲ್ಲಿ ನಿಂತ ಕಾರಿನ ಬ್ರೇಕ್ ಡಿಸ್ಕ್ ಬೆಳಿಗ್ಗೆ ಕಿತ್ತಳೆ ಬಣ್ಣಕ್ಕೆ ತಿರುಗಿರುವುದೂ ಇಂಥದ್ದೇ. ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಕಮಾನಿನ ಅಂಚಿನ ತಗಡು ಹಾಗಲ್ಲ. ಅದರ ದಪ್ಪ ಮುಕ್ಕಾಲು ಮಿಲಿಮೀಟರ್ ಆಸುಪಾಸು. ತುಕ್ಕು ಹಿಡಿದ ಕಬ್ಬಿಣ ಮೊದಲಿದ್ದ ಜಾಗಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಮೇಲಿನ ಪೇಂಟನ್ನು ಎತ್ತಿ ಹಿಡಿಯುತ್ತದೆ. ನಮಗೆ ಕಾಣುವ ಗುಳ್ಳೆ ಅದು. ಹೊರಗೆ ಕಡಲೆಕಾಳಿನಷ್ಟು ಕಂಡರೆ ಪೇಂಟಿನ ಅಡಿಯಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಹೆಚ್ಚು ಹರಡಿರುತ್ತದೆ. ಈ ವರ್ಷ ಇದಕ್ಕೆ ಕೈ ಹಾಕಿದರೆ ಸಣ್ಣ ಕೆಲಸ. ಎರಡು ಮಳೆಗಾಲ ಬಿಟ್ಟರೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಬೇಕಾಗುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ: ಇಷ್ಟೆಲ್ಲ ಜಾಗ್ರತೆ ಮಾಡಿಯೂ ಹೀಗೇಕೆ?

ತುಕ್ಕಿಗೆ ಕಬ್ಬಿಣ, ನೀರು, ಆಮ್ಲಜನಕ ಇಷ್ಟಿದ್ದರೆ ಸಾಕು. ಉಪ್ಪು ಸೇರಿದಾಗ ಅದೇ ಕೆಲಸ ಬಹಳ ವೇಗವಾಗಿ ನಡೆಯುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ನೀರಿನ ವಿದ್ಯುತ್ ವಾಹಕತೆಯನ್ನು ಏರಿಸುತ್ತದೆ, ಲೋಹದ ಮೇಲೆ ತಾನಾಗಿ ಕೂರುವ ರಕ್ಷಣೆಯ ತೆಳು ಪದರವನ್ನು ಒಡೆಯುತ್ತದೆ. ಈ ಕೆಲಸದಲ್ಲಿ ಉಪ್ಪು ಖರ್ಚಾಗುವುದಿಲ್ಲ ಎಂಬುದನ್ನು ಗ್ರಾಹಕರಿಗೆ ನಾನು ಒತ್ತಿ ಹೇಳುತ್ತೇನೆ. ಕಳೆದ ಜೂನ್‌ನಲ್ಲಿ ಸಂದಿಯೊಂದಕ್ಕೆ ಸೇರಿಕೊಂಡ ಉಪ್ಪನ್ನು ನೀವು ತೊಳೆದು ತೆಗೆಯುವವರೆಗೂ ಅದು ಅಲ್ಲಿಯೇ ಇದ್ದು ಕಬ್ಬಿಣವನ್ನು ತಿನ್ನಿಸುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿ ನೀರೊಡೆಯುತ್ತದಲ್ಲವೇ? ಕಾರಿನ ಅಡಿಯಲ್ಲೂ ಅದೇ ಆಗುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ಮುಟ್ಟಿದಾಗ ತಾನಾಗಿ ನೀರು ಹೀರಿ ಕರಗುತ್ತದೆ. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಶೇಕಡಾ 33ರಷ್ಟು ತೇವಾಂಶ ಸಾಕು. ಪಡುಕರೆಯಂಥ ಒಂದು ಕಡೆ ಕಡಲು, ಇನ್ನೊಂದು ಕಡೆ ಉದ್ಯಾವರ ಹೊಳೆ ಇರುವ ಊರಿನಲ್ಲಿ ಗಾಳಿ ಅಷ್ಟು ಒಣಗುವ ದಿನ ಎಷ್ಟಿವೆ ಹೇಳಿ? ಮಳೆ ಇಲ್ಲದ ಫೆಬ್ರವರಿಯಲ್ಲೂ ನಿಮ್ಮ ಕಾರಿನ ಸಂದಿಗಳಲ್ಲಿ ಕಣ್ಣಿಗೆ ಕಾಣದ ಉಪ್ಪುನೀರಿನ ಪದರ ಇದ್ದೇ ಇರುತ್ತದೆ. ತೀರದಿಂದ ಒಳಕ್ಕೆ ಹೋದಂತೆ ಗಾಳಿಯಲ್ಲಿನ ಉಪ್ಪು ಬಹಳ ಬೇಗ ಕಡಿಮೆಯಾಗುತ್ತದೆ. ಅತಿ ಹೆಚ್ಚು ಬೀಳುವುದು ಮೊದಲ ಕೆಲವು ನೂರು ಮೀಟರ್‌ಗಳಲ್ಲಿ. ನೀವು ಇರುವುದು ಅಲ್ಲಿಯೇ. ಮಣಿಪಾಲದ ಗುಡ್ಡದ ಮೇಲೆ ಅದೇ ಕಂಪನಿಯ ಅದೇ ವರ್ಷದ ಕಾರು ಚೆನ್ನಾಗಿದೆ ಎಂದರೆ ಅದರ ಮಾಲೀಕರು ನಿಮಗಿಂತ ಹೆಚ್ಚು ಜಾಗ್ರತೆ ಮಾಡಿದ್ದಾರೆ ಎಂದರ್ಥವಲ್ಲ.

ಇದರ ಮೇಲೆ ನಿಮ್ಮ ದಾರಿ. ಮಲ್ಪೆ ಬಂದರಿನಿಂದ ಹೊರಟ ಮೀನಿನ ಲಾರಿಗಳು ರಾಷ್ಟ್ರೀಯ ಹೆದ್ದಾರಿ 66ರ ಉದ್ದಕ್ಕೂ ಮಂಜುಗಡ್ಡೆ ಕರಗಿದ ನೀರು ಸುರಿಸಿಕೊಂಡು ಹೋಗುವುದನ್ನು ನೀವು ದಿನವೂ ನೋಡುತ್ತೀರಿ. ಬೈಕಿನವರು ಅದರಲ್ಲಿ ಜಾರಿ ಬೀಳುವುದರಿಂದ ಎಲ್ಲರಿಗೂ ಅದರ ಪರಿಚಯವಿದೆ. ಆ ನೀರಿನಲ್ಲಿ ಉಪ್ಪಿದೆ, ಮೀನಿನ ಲೋಳೆಯಿದೆ. ಲಾರಿಯ ಹಿಂದೆ ಹತ್ತು ನಿಮಿಷ ಹೋದರೆ ನಿಮ್ಮ ಮುಂದಿನ ಬಂಪರ್, ರೇಡಿಯೇಟರ್, ಚಕ್ರದ ಕಮಾನುಗಳಿಗೆಲ್ಲ ಅದರ ಹನಿ ಹತ್ತುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಲಾರಿ ಕಡಿಮೆ, ಮಳೆ ರಸ್ತೆಯನ್ನೂ ತೊಳೆಯುತ್ತದೆ. ಅಕ್ಟೋಬರ್ ನಂತರ ರಸ್ತೆ ಒಣಗಿದಾಗ ಈ ನೀರು ದೂಳಿನೊಂದಿಗೆ ಸೇರಿ ಅಂಟಾಗಿ ಕೂರುತ್ತದೆ. ಹಾಗಾಗಿ ಬರುವ ತಿಂಗಳುಗಳಲ್ಲಿ ಲಾರಿಯಿಂದ ದೂರ ಉಳಿಯಿರಿ, ಸಾಧ್ಯವಾದರೆ ದಾಟಿ ಮುಂದೆ ಹೋಗಿ. ಇದಕ್ಕೆ ಹಣ ಬೇಕಿಲ್ಲ.

ನಿಮ್ಮ ಜಾಗ್ರತೆಗಳಲ್ಲಿ ಮೂರನ್ನು ಬದಲಿಸಬೇಕು. ಬೇಸರ ಮಾಡಿಕೊಳ್ಳಬೇಡಿ, ಮೂರೂ ಕರಾವಳಿಯ ಹೆಚ್ಚಿನ ಮನೆಗಳಲ್ಲಿ ಇರುವಂಥವೇ.

ಮೊದಲನೆಯದು ಬಾವಿ ನೀರು. ಹೊಳೆಗೂ ಕಡಲಿಗೂ ನಡುವಿನ ಮರಳು ನೆಲದ ಬಾವಿಗಳಲ್ಲಿ ಮಳೆಗಾಲದಲ್ಲಿ ಸಿಹಿನೀರಿದ್ದರೂ ಮಾರ್ಚ್ ಕಳೆಯುತ್ತಿದ್ದಂತೆ ಸವುಳು ಬರುತ್ತದೆ. ಆ ನೀರಿನಿಂದ ವಾರಕ್ಕೊಮ್ಮೆ ತೊಳೆದರೆ ಧೂಳು ಹೋಗುತ್ತದೆ, ಉಪ್ಪು ಉಳಿಯುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ, ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಒಂದನ್ನು ಕೊಂಡು ಪ್ರತಿ ತಿಂಗಳು ಬಾವಿ ನೀರನ್ನು ಅಳೆಯಿರಿ. ಅಂಕಿ 500 ದಾಟಿದರೆ ಕೊನೆಯ ಸಲ ಜಾಲಾಡಲು ಆ ನೀರು ಬೇಡ. ಈ 500 ಎಂಬುದು ಕುಡಿಯುವ ನೀರಿಗಾಗಿ ಇರುವ ಮಿತಿ. ಕಾರಿಗೂ ಅದನ್ನೇ ಗೆರೆಯಾಗಿ ಇಟ್ಟುಕೊಳ್ಳುವುದು ನನ್ನ ರೂಢಿ. ನಳ್ಳಿ ನೀರು ಬಂದರೆ ಎರಡು ಬಕೆಟ್ ತೆಗೆದಿಟ್ಟು ಕೊನೆಗೆ ಅದನ್ನು ಸುರಿಯಿರಿ. ಮಳೆಗಾಲದಲ್ಲಿ ಮಾಡಿನ ನೀರನ್ನು ಡ್ರಮ್ಮಿನಲ್ಲಿ ಹಿಡಿದರೆ ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ.

ಎರಡನೆಯದು ಪ್ಲಾಸ್ಟಿಕ್ ಹೊದಿಕೆ. ನಿಮ್ಮ ಊರಿನಲ್ಲಿ ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಹಗಲು ಓಡಿದ ಕಾರಿನ ಮೇಲಿನ ಉಪ್ಪು, ರಾತ್ರಿ ನೆಲದಿಂದ ಏಳುವ ತೇವ ಎರಡನ್ನೂ ಅದು ಒಳಗೆ ಕೂಡಿಹಾಕುತ್ತದೆ. ಗಾಳಿಗೆ ಹೊದಿಕೆ ಅಲ್ಲಾಡಿದಾಗ ಸಿಕ್ಕಿಕೊಂಡ ಮರಳು ಪೇಂಟನ್ನು ಉಜ್ಜುತ್ತದೆ. ಹೊದಿಕೆ ಬೇಕೇ ಬೇಕು ಎನಿಸಿದರೆ ಗಾಳಿಯಾಡುವ ಬಟ್ಟೆಯದನ್ನು ಒಣಗಿದ ಕಾರಿನ ಮೇಲೆ ಮಾತ್ರ ಹಾಕಿ. ಮಾಡಿನ ಕೆಳಗೆ ನಿಲ್ಲಿಸುವವರಿಗೆ ಅದೂ ಅಗತ್ಯವಿಲ್ಲ.

ಮೂರನೆಯದು ತಗಡಿನ ಮಾಡು. ಬಿಸಿಲಿನಿಂದ ಪೇಂಟನ್ನು ಅದು ಕಾಪಾಡುತ್ತದೆ, ತೆಗೆಯಿರಿ ಎನ್ನಲಾರೆ. ಆದರೆ ಬದಿಗಳು ತೆರೆದಿದ್ದರೆ ಉಪ್ಪುಗಾಳಿ ಒಳಗೆ ಬಂದು ಕಾರಿನ ಮೇಲೆ ಕೂರುತ್ತದೆ, ತೊಳೆಯಲು ಮಳೆ ಮಾತ್ರ ಬರುವುದಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದೂ ಕಾರಿನ ಛಾವಣಿ, ಬಾನೆಟ್ ಮೊದಲು ತುಕ್ಕು ಹಿಡಿಯುವುದಿಲ್ಲ, ಗಮನಿಸಿದ್ದೀರಾ? ಅವುಗಳನ್ನು ಮಳೆಯೇ ತೊಳೆಯುತ್ತದೆ. ತುಕ್ಕು ಶುರುವಾಗುವುದು ಮಳೆ ಮುಟ್ಟದ ಕಡೆ: ಕಮಾನಿನ ಒಳ ಮಡಿಕೆ, ಬಾಗಿಲುಗಳ ಕೆಳ ಅಂಚು, ಡಿಕ್ಕಿ ಬಾಗಿಲಿನ ಒಳ ತುದಿ, ನಂಬರ್ ಪ್ಲೇಟಿನ ಹಿಂಭಾಗ, ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಟೊಳ್ಳು ಪೆಟ್ಟಿಗೆ. ಈ ಪೆಟ್ಟಿಗೆಯನ್ನು ನಮ್ಮ ಗ್ಯಾರೇಜುಗಳಲ್ಲಿ ರನ್ನಿಂಗ್ ಬೋರ್ಡ್ ಎನ್ನುತ್ತಾರೆ. ಮುಂದೆಯೂ ಅದರ ಮಾತು ಬರುತ್ತದೆ. ಮಾಡಿನ ಪಶ್ಚಿಮ ಬದಿಗೆ ಗೋಡೆಯೋ ದಟ್ಟ ಬೇಲಿಯೋ ಇದ್ದರೆ ಒಳ್ಳೆಯದು. ಕೆಳಗೆ ಬರಿ ಮಣ್ಣಿದ್ದರೆ ಕಾಂಕ್ರೀಟ್ ಅಥವಾ ಇಂಟರ್‌ಲಾಕ್ ಹಾಕಿಸಿ, ಏಕೆಂದರೆ ಒದ್ದೆ ನೆಲ ಇಡೀ ರಾತ್ರಿ ಕಾರಿನ ಅಡಿಗೆ ಹಬೆ ಕೊಡುತ್ತಿರುತ್ತದೆ.

ಇನ್ನು ನಿಮ್ಮ ಮುಂದಿರುವ ಮೂರು ಸಲಹೆಗಳು.

ಸಿರಾಮಿಕ್ ಕೋಟಿಂಗ್‌ಗೂ ತುಕ್ಕಿಗೂ ಸಂಬಂಧವಿಲ್ಲ. ಅದು ಪೇಂಟಿನ ಮೇಲಿನ ಪಾರದರ್ಶಕ ಪದರದ ಮೇಲೆ ಕೂರುವ ಅತಿ ತೆಳುವಾದ ಲೇಪ. ಹೊಳಪು ಉಳಿಯುತ್ತದೆ, ಕೊಳೆ ಸುಲಭವಾಗಿ ಬಿಡುತ್ತದೆ, ಹಕ್ಕಿಯ ಹಿಕ್ಕೆಯ ಕಲೆ ಕಡಿಮೆಯಾಗುತ್ತದೆ. ಅದಕ್ಕಾಗಿ ಮಾಡಿಸಿಕೊಳ್ಳಬಹುದು. ಆದರೆ ಕಲ್ಲು ಸಿಡಿದಾಗ ಪೇಂಟಿನೊಂದಿಗೆ ಅದೂ ಹೋಗುತ್ತದೆ, ಅಡಿಭಾಗಕ್ಕೆ ಅದು ತಲುಪುವುದೇ ಇಲ್ಲ. ತುಕ್ಕಿಗೆಂದು ಇಟ್ಟ ಹಣವನ್ನು ಅದಕ್ಕೆ ಕೊಡಬೇಡಿ.

ಸುಟ್ಟ ಎಂಜಿನ್ ಆಯಿಲ್ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ನಿಮ್ಮ ನೆರೆಯವರು ಸುಳ್ಳು ಹೇಳುತ್ತಿಲ್ಲ, ಎಣ್ಣೆಯ ಪದರ ನೀರನ್ನು ತಡೆಯುವುದು ನಿಜ. ಹಿಂದೆ ವಾಟರ್ ಸರ್ವಿಸ್ ಆದ ಮೇಲೆ ಡೀಸೆಲ್ ಅಥವಾ ಹಳೆಯ ಆಯಿಲ್ ಸಿಂಪಡಿಸುವುದು ಎಲ್ಲ ಕಡೆ ನಡೆಯುತ್ತಿತ್ತು, ಈಗಲೂ ಕೆಲವೆಡೆ ಇದೆ. ಆದರೆ ಸುಟ್ಟ ಆಯಿಲ್‌ನಲ್ಲಿ ಎಂಜಿನ್ನಿನ ಆಮ್ಲಗಳೂ ಮಸಿಯೂ ಲೋಹದ ಪುಡಿಯೂ ಇರುತ್ತವೆ. ಅದು ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳನ್ನು ಉಬ್ಬಿಸಿ ಮೆದುವಾಗಿಸುತ್ತದೆ. ಒಂದು ಹನಿ ಬ್ರೇಕ್ ಡಿಸ್ಕಿಗೆ ಸಿಡಿದರೂ ಅಪಾಯ. ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಹೊಗೆ, ಕೆಲವೊಮ್ಮೆ ಬೆಂಕಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ತೊಟ್ಟಿಕ್ಕುವುದು ನಿಮ್ಮ ಅಂಗಳದ ಮರಳಿಗೆ. ಆ ಮರಳಿನಲ್ಲಿ ಕೆಲವೇ ಅಡಿ ಕೆಳಗೆ ನಿಮ್ಮ ಬಾವಿಯ ನೀರಿದೆ. ಒಂದು ಕಾರಿಗಾಗಿ ನೆರೆಹೊರೆಯ ಬಾವಿಗಳನ್ನು ಕೆಡಿಸುವ ಕೆಲಸಕ್ಕೆ ನಾನು ಎಂದೂ ಒಪ್ಪುವುದಿಲ್ಲ.

ನಿಮ್ಮ ಭಾವ ಹೇಳಿದ್ದು ಬೇರೆಯೇ ವಿಷಯ. ಅವರ ಮಾತಿನಲ್ಲಿ ಸತ್ವವಿದೆ. ಡೆಟ್ರಾಯಿಟ್ ನಗರದ ಅಡಿಯಲ್ಲೇ ದೊಡ್ಡ ಉಪ್ಪಿನ ಗಣಿ ಇದೆ, ಅಲ್ಲಿಂದ ತೆಗೆದ ಕಲ್ಲುಪ್ಪನ್ನು ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ಹೆಪ್ಪುಗಟ್ಟದಿರುವುದರಿಂದ ಮಂಜು ಕರಗುತ್ತದೆ. ಅಲ್ಲಿನವರು ಹಿಮ ಬೀಳುವ ಮೊದಲು, ಅಂದರೆ ಶರತ್ಕಾಲದಲ್ಲಿ, ತುಕ್ಕು ತಡೆಗೆಂದೇ ತಯಾರಿಸಿದ ಎಣ್ಣೆಯನ್ನೋ ಕುರಿಯ ಉಣ್ಣೆಯಿಂದ ತೆಗೆದ ಲ್ಯಾನೊಲಿನ್ ಆಧಾರಿತ ಲೇಪವನ್ನೋ ಸಿಂಪಡಿಸಿಕೊಳ್ಳುತ್ತಾರೆ. ಅದು ಸುಟ್ಟ ಆಯಿಲ್ ಅಲ್ಲ. ಸಂದಿಗಳಿಗೆ ಹರಿದು ಹೋಗುವ ಗುಣ ಅದಕ್ಕಿದೆ, ವರ್ಷದೊಳಗೆ ಸವೆಯುವುದರಿಂದ ಪ್ರತಿವರ್ಷ ಮಾಡಿಸಬೇಕಾಗುತ್ತದೆ.

ಅವರಿಗೂ ನಿಮಗೂ ವ್ಯತ್ಯಾಸ ಇರುವುದು ಹವೆಯಲ್ಲಿ. ಅಲ್ಲಿ ಉಪ್ಪಿನ ಕಾಟ ಕೆಲವು ತಿಂಗಳು, ಅದೂ ತೀವ್ರ ಚಳಿಯಲ್ಲಿ. ತಣ್ಣಗಿದ್ದಷ್ಟು ಹೊತ್ತು ತುಕ್ಕಿನ ವೇಗ ಕಡಿಮೆ. ನಿಮ್ಮಲ್ಲಿ ರಸ್ತೆಯ ಉಪ್ಪು ಅದಕ್ಕಿಂತ ಎಷ್ಟೋ ಕಡಿಮೆ, ಆದರೆ ಸೆಕೆಯೂ ತೇವವೂ ವರ್ಷವಿಡೀ ಇವೆ. ಜೊತೆಗೆ ನಮ್ಮ ಮಳೆಯ ರಭಸಕ್ಕೆ ತೆಳು ಎಣ್ಣೆಯ ಪದರ ಚಕ್ರದ ಕಮಾನುಗಳಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಆದ್ದರಿಂದ ನಿಮಗೆ ನನ್ನ ಸಲಹೆ ಮೇಣ ಆಧಾರಿತ ಲೇಪ. ಅದು ಗಟ್ಟಿಯಾದರೂ ಮೆದುತನ ಉಳಿಸಿಕೊಂಡಿರುತ್ತದೆ, ಕಲ್ಲು ಸಿಡಿದರೆ ಬಿರುಕು ಬಿಡುವುದಿಲ್ಲ, ಹೋದ ಜಾಗಕ್ಕೆ ಮಾತ್ರ ಮತ್ತೆ ಹಚ್ಚಬಹುದು.

ಸರ್ವಿಸ್ ಸೆಂಟರುಗಳಲ್ಲಿ ಆ್ಯಂಟಿ ರಸ್ಟ್ ಎಂದು ಹೆಚ್ಚಾಗಿ ಹೊಡೆಯುವುದು ದಪ್ಪ ಕಪ್ಪು ಲೇಪ, ರಬ್ಬರ್ ಅಥವಾ ಡಾಂಬರು ಬೆರೆತದ್ದು. ಹೊಸ ಕಾರಿಗೆ, ಒಣ ಮೇಲ್ಮೈಗೆ, ಸರಿಯಾಗಿ ಹಾಕಿದರೆ ಅದು ಕಲ್ಲೇಟು ತಡೆಯುತ್ತದೆ, ಶಬ್ದವೂ ಕಡಿಮೆಯಾಗುತ್ತದೆ. ನನ್ನ ಆತಂಕ ಇರುವುದು ನಾಲ್ಕು ಮಳೆಗಾಲ ಕಂಡ ಕಾರಿಗೆ, ಬೆಳಿಗ್ಗೆ ತೊಳೆದು ಮಧ್ಯಾಹ್ನ ಹೊಡೆದು ಸಂಜೆ ಕೊಡುವ ಪದ್ಧತಿಯ ಬಗ್ಗೆ. ಉಪ್ಪು, ತೇವ, ಸಡಿಲ ತುಕ್ಕು ಎಲ್ಲವೂ ಲೇಪದ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ವರ್ಷಗಳು ಕಳೆದಂತೆ ಲೇಪ ಒಣಗಿ ಎಲ್ಲೋ ಒಂದು ಕೂದಲೆಳೆಯ ಬಿರುಕು ಬಿಟ್ಟರೆ ನೀರು ಒಳಹೋಗಿ ಹೊರಬರಲಾರದೆ ಉಳಿಯುತ್ತದೆ. ಹೊರಗಿನಿಂದ ಕಪ್ಪಗೆ ಅಚ್ಚುಕಟ್ಟಾಗಿ ಕಾಣುವ ಲೇಪವನ್ನು ಸ್ಕ್ರೂಡ್ರೈವರ್‌ನಿಂದ ಎತ್ತಿದಾಗ ಅಂಗೈಯಗಲದ ತಗಡು ತುಕ್ಕಿನ ಹಾಳೆಯಾಗಿ ಬರುವುದನ್ನು ನಾನು ಗ್ಯಾರೇಜಿನಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಮಾಲೀಕರಿಗೆ ಅಲ್ಲಿಯವರೆಗೂ ಸುಳಿವೇ ಇರುವುದಿಲ್ಲ.

ಇನ್ನೊಂದು ಅನಾಹುತ ನೀರಿಳಿಯುವ ರಂಧ್ರಗಳದು. ಬಾಗಿಲುಗಳ ಕೆಳ ಅಂಚಿನಲ್ಲೂ ರನ್ನಿಂಗ್ ಬೋರ್ಡಿನ ತಳದಲ್ಲೂ ಕಾರ್ಖಾನೆಯವರು ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಗಾಜಿನ ಬದಿಯಿಂದ ಬಾಗಿಲೊಳಗೆ ಇಳಿದ ಮಳೆನೀರು ಅಲ್ಲಿಂದ ಹೊರಹೋಗಬೇಕು. ಅವಸರದಲ್ಲಿ ಲೇಪ ಹೊಡೆಯುವವರು ಅವುಗಳನ್ನು ಮುಚ್ಚಿಬಿಟ್ಟರೆ ಬಾಗಿಲಿನ ಒಳಗೆ ನೀರು ನಿಲ್ಲುತ್ತದೆ. ಆಗ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ, ನೀವು ಹೊರಗೆ ಏನು ಹಚ್ಚಿದರೂ ಪ್ರಯೋಜನವಿಲ್ಲ. ಈಗಲೇ ಅಂಗಳಕ್ಕೆ ಹೋಗಿ ಒಂದು ತೆಳುವಾದ ಪ್ಲಾಸ್ಟಿಕ್ ಕಡ್ಡಿಯಿಂದ ನಾಲ್ಕೂ ಬಾಗಿಲುಗಳ ರಂಧ್ರಗಳನ್ನು ನೋಡಿ. ಕೆಂಪು ಮಣ್ಣು ಕಟ್ಟಿಕೊಂಡಿರುವ ಸಾಧ್ಯತೆ ಬಹಳ. ಬಾನೆಟ್ ತೆರೆದು, ಮುಂಗಾಜಿನ ಕೆಳಗಿನ ತೊಟ್ಟಿಯಂಥ ಭಾಗದಲ್ಲಿ ಕೊಳೆತ ಎಲೆಗಳಿದ್ದರೆ ತೆಗೆದುಹಾಕಿ. ಮರದಡಿ ನಿಲ್ಲುವ ಕಾರುಗಳಲ್ಲಿ ಇದು ದೊಡ್ಡ ತೊಂದರೆ.

ನಿಮ್ಮ ಕಾರಿನ ತಗಡು ಹಳೆಯ ಕಾಲದ ಕಾರುಗಳಂತಿಲ್ಲ ಎಂಬುದೂ ನೆನಪಿರಲಿ. ಈಗಿನ ಕಾರುಗಳಲ್ಲಿ ಬಾಡಿಯ ಹಲವು ಭಾಗಗಳು ಸತು ಲೇಪಿತ ತಗಡಿನವು. ವೆಲ್ಡಿಂಗ್ ಮುಗಿದ ಇಡೀ ಬಾಡಿಯನ್ನು ದ್ರಾವಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ, ಸಂದಿಗೊಂದಿಗಳಿಗೂ ಪ್ರೈಮರ್ ಕೂರುವಂತೆ ಮಾಡುತ್ತಾರೆ. ಅದರ ಮೇಲೆ ಬಣ್ಣ, ಪಾರದರ್ಶಕ ಪದರ. ಎಲ್ಲ ಸೇರಿ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಸಣ್ಣ ಗೀರು ಬಿದ್ದರೆ ಸತು ತಾನು ಕರಗಿ ಪಕ್ಕದ ಉಕ್ಕನ್ನು ಕಾಯುತ್ತದೆ. ಮಲ್ಪೆಯ ಧಕ್ಕೆಯಲ್ಲಿ ಮೇಲಕ್ಕೆಳೆದ ಸ್ಟೀಲ್ ಬೋಟುಗಳ ತಳದಲ್ಲಿ ಸತುವಿನ ತುಂಡುಗಳನ್ನು ಕೂರಿಸಿರುವುದನ್ನು ನೋಡಿರುತ್ತೀರಿ, ತತ್ವ ಅದೇ. ಇದನ್ನೇ ಹೇಳಿಕೊಂಡು ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕು ನಿವಾರಕ ಪೆಟ್ಟಿಗೆಗಳನ್ನೂ ಮಾರುತ್ತಾರೆ. ಬೋಟಿನ ತಳ, ಸತುವಿನ ತುಂಡು ಎರಡೂ ಒಂದೇ ಕಡಲ ನೀರಿನಲ್ಲಿ ಮುಳುಗಿರುವುದರಿಂದ ಅಲ್ಲಿ ವಿದ್ಯುತ್ ಮಂಡಲ ಪೂರ್ಣವಾಗುತ್ತದೆ. ಗಾಳಿಯಲ್ಲಿ ನಿಂತ ಕಾರಿನಲ್ಲಿ ಹಾಗೆ ಆಗುವುದಿಲ್ಲ. ಆ ಪೆಟ್ಟಿಗೆಗೆ ಹಣ ಕೊಡಬೇಡಿ.

ಇಷ್ಟು ರಕ್ಷಣೆ ಇದ್ದೂ ನಾಲ್ಕೇ ವರ್ಷಕ್ಕೆ ಕಮಾನಿನ ಅಂಚಿನಲ್ಲಿ ಗುಳ್ಳೆ ಎದ್ದಿದೆ ಎಂದರೆ ನನಗೆ ಒಂದು ಅನುಮಾನ. ಆ ಜಾಗ ಹಿಂದೆ ಎಲ್ಲಾದರೂ ತಾಗಿ ಟಿಂಕರಿಂಗ್ ಆಗಿತ್ತೇ? ತಟ್ಟಿ ನೇರಮಾಡಿ ಉಜ್ಜಿದ ತಗಡಿನಲ್ಲಿ ಸತುವೂ ಇಲ್ಲ, ತೊಟ್ಟಿಯ ಪ್ರೈಮರೂ ಇಲ್ಲ. ಕರಾವಳಿಯಲ್ಲಿ ಬೇಗ ತುಕ್ಕು ಹಿಡಿದ ಕಾರುಗಳನ್ನು ಕೆದಕಿದಾಗ ಹಳೆಯ ರಿಪೇರಿಯ ಗುರುತು ಸಿಗುವುದು ಸಾಮಾನ್ಯ. ಏನೂ ತಾಗಿಲ್ಲವಾದರೆ ಮೊದಲು ವಾರಂಟಿ ಪುಸ್ತಕ ತೆಗೆದು ತುಕ್ಕಿನ ಬಗ್ಗೆ ಏನಿದೆ ಓದಿ, ಫೋಟೋ ತೆಗೆದು ಡೀಲರಿಗೆ ಬರಹದಲ್ಲಿ ತಿಳಿಸಿ. ನೀವಾಗಿ ಹೊರಗೆ ಕೆಲಸ ಮಾಡಿಸಿದ ಮೇಲೆ ಕೇಳಿದರೆ ಅವರು ಒಪ್ಪುವುದು ಕಷ್ಟ. ವಿಮೆಯಿಂದ ಏನನ್ನೂ ನಿರೀಕ್ಷಿಸಬೇಡಿ, ಸವೆತ ಮತ್ತು ತುಕ್ಕು ಅದರ ವ್ಯಾಪ್ತಿಗೆ ಬರುವುದಿಲ್ಲ.

ವಾರಂಟಿ ಸಿಗದಿದ್ದರೆ ಒಳ್ಳೆಯ ಪೇಂಟರ್ ಬಳಿ ಹೋಗಿ, ಕೆಲಸ ಹೀಗೆಯೇ ಆಗಬೇಕು ಎಂದು ಹೇಳಿ. ಗುಳ್ಳೆಯ ಸುತ್ತ ಗಟ್ಟಿ ಪೇಂಟ್ ಸಿಗುವವರೆಗೆ ಕೆರೆದು ತೆಗೆಯಬೇಕು, ಲೋಹ ಬೆಳ್ಳಗೆ ಹೊಳೆಯುವವರೆಗೆ ಉಜ್ಜಬೇಕು. ಸಣ್ಣ ಗುಳಿಗಳಲ್ಲಿ ಉಳಿದ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಬಹುದು. ಅದು ಟ್ಯಾನಿಕ್ ಅಥವಾ ಫಾಸ್ಫಾರಿಕ್ ಆಮ್ಲದ ದ್ರಾವಣ, ಅಂಟಿಕೊಂಡ ತುಕ್ಕನ್ನು ಗಟ್ಟಿ ಕಪ್ಪು ಪದರವನ್ನಾಗಿ ಬದಲಿಸುತ್ತದೆ. ಸಡಿಲವಾಗಿ ಪದರ ಬಿಡುವ ತುಕ್ಕಿನ ಮೇಲೆ ಸುರಿದರೆ ನಿಷ್ಪ್ರಯೋಜಕ. ನಂತರ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ, ಅಂಚಿನ ಒಳಮಡಿಕೆಗೆ ಮೇಣದ ಲೇಪ. ಉಜ್ಜುವಾಗ ತಗಡಿನಲ್ಲಿ ಸೂಜಿಮೊನೆಯ ತೂತು ಕಂಡರೆ ತುಕ್ಕು ಒಳಗಿನಿಂದ ಬಂದಿದೆ ಎಂದರ್ಥ. ಆಗ ಆ ತುಂಡನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಲೇಬೇಕು. ತೂತಿಗೆ ಪುಟ್ಟಿ ತುಂಬಿ ಪೇಂಟ್ ಹೊಡೆಯುತ್ತೇನೆ ಎನ್ನುವವರಿಗೆ ಕೆಲಸ ಕೊಡಬೇಡಿ. ಪುಟ್ಟಿ ನೀರು ಹೀರುತ್ತದೆ. ಒಂದು ಮಳೆಗಾಲ ಚೆನ್ನಾಗಿ ಕಂಡು ಮರುವರ್ಷ ಅಂಗೈಯಗಲ ಎದ್ದು ಬರುತ್ತದೆ.

ಲೇಪದ ಕೆಲಸ ಯಾವಾಗ? ಈಗಲ್ಲ. ಮಳೆ ನಿಂತು ಹೆಚ್ಚು ದಿನವಾಗಿಲ್ಲ, ಸಂದಿಗಳಲ್ಲಿ ಇನ್ನೂ ತೇವವಿದೆ. ಈ ತಿಂಗಳು ಮಾಡಬೇಕಾದದ್ದು ಅಡಿಭಾಗವನ್ನು ಚೆನ್ನಾಗಿ ತೊಳೆಸುವುದು. ವಾಟರ್ ಸರ್ವಿಸ್‌ನವರಲ್ಲಿ ಕಾರನ್ನು ಎತ್ತಿಸಿ, ಸಾಧಾರಣ ಒತ್ತಡದ ಸಿಹಿನೀರಿನಿಂದ ಕಮಾನುಗಳ ಒಳಮಡಿಕೆ, ಬಂಪರಿನ ಹಿಂಭಾಗ, ಆ್ಯಕ್ಸಲ್ಲಿನ ಮೇಲ್ಮೈ, ರನ್ನಿಂಗ್ ಬೋರ್ಡಿನ ತಳ ತೊಳೆಯಲು ಹೇಳಿ. ಗುಳ್ಳೆ ಎದ್ದ ಜಾಗಕ್ಕೂ ವೈರ್ ಜೋಡಣೆಗಳಿಗೂ ನೇರವಾಗಿ ಜೋರು ನೀರು ಬಿಡಬಾರದು. ಮುಗಿದ ಮೇಲೆ ಡೀಸೆಲ್ ಹೊಡೆಯಲೇ ಎಂದು ಕೇಳಿದರೆ ಬೇಡ ಎನ್ನಿ. ತೊಳೆದ ಕೂಡಲೇ ಕಾರನ್ನು ನಿಲ್ಲಿಸದೆ ಅರ್ಧ ಗಂಟೆ ಓಡಿಸಿ, ನೀರು ಆರಲಿ. ಆಮೇಲೆ ಜನವರಿಯಿಂದ ಏಪ್ರಿಲ್ ನಡುವೆ, ಸತತ ಬಿಸಿಲಿರುವ ವಾರ ನೋಡಿ ಮೇಣದ ಲೇಪ ಮಾಡಿಸಿ. ಹಿಂದಿನ ದಿನ ತೊಳೆದು ಒಂದು ರಾತ್ರಿ, ಅರ್ಧ ಹಗಲು ಒಣಗಲು ಬಿಡಬೇಕು, ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆಯಬೇಕು, ಬ್ರೇಕ್ ಮತ್ತು ಸೈಲೆನ್ಸರನ್ನು ಮುಚ್ಚಿ ಸಿಂಪಡಿಸಬೇಕು. ಕಾರು ಲಿಫ್ಟ್ ಮೇಲಿರುವಾಗ ನೀವು ಅಲ್ಲಿರಿ. ಇರಬೇಡಿ ಎನ್ನುವ ಜಾಗಕ್ಕೆ ಹೋಗಬೇಡಿ.

ಇದರ ಜೊತೆಗೆ ರನ್ನಿಂಗ್ ಬೋರ್ಡು, ಬಾಗಿಲು, ಡಿಕ್ಕಿ ಬಾಗಿಲುಗಳ ಟೊಳ್ಳಿನೊಳಗೆ ಉದ್ದ ಕೊಳವೆಯಿಂದ ತೆಳು ಮೇಣ ಸಿಂಪಡಿಸುವ ಕೆಲಸವೊಂದಿದೆ. ಹೆಚ್ಚಿನ ಗ್ಯಾರೇಜುಗಳು ಇದನ್ನು ಮಾಡುವುದಿಲ್ಲ, ಕಣ್ಣಿಗೆ ಕಾಣದ ಕೆಲಸಕ್ಕೆ ಗ್ರಾಹಕರು ಹಣ ಕೊಡುವುದಿಲ್ಲ ಎಂಬ ಕಾರಣಕ್ಕೆ. ಹುಡುಕಿ ಮಾಡಿಸಿ. ಹೊರಗಿನ ಕಪ್ಪು ಲೇಪ ಅಥವಾ ಈ ಒಳಗಿನ ಮೇಣ, ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದರೆ ನಾನು ಒಳಗಿನದನ್ನೇ ಆರಿಸಿಕೊಳ್ಳುತ್ತೇನೆ. ಕೆಲಸ ಮುಗಿದ ಮೇಲೆ ರಂಧ್ರಗಳು ತೆರೆದಿವೆಯೇ ಎಂದು ಕಡ್ಡಿ ಹಾಕಿ ನೋಡಿಕೊಳ್ಳಿ.

ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಅಡಿಭಾಗ ತೊಳೆಯಲು ಸುಲಭ ಉಪಾಯವಿದೆ. ತೋಟಕ್ಕೆ ಇಡುವ ಸ್ಪ್ರಿಂಕ್ಲರನ್ನು ಕಾರಿನ ಕೆಳಗೆ ಇಟ್ಟು ಹತ್ತು ನಿಮಿಷ ನೀರು ಬಿಟ್ಟು, ಮುಂದೆ ಹಿಂದೆ ಸರಿಸಿ ಮತ್ತೊಮ್ಮೆ ಬಿಡಿ. ನೀರು ಸಿಹಿಯಾಗಿರಬೇಕು, ಅಷ್ಟೇ. ಕಡಲ ದಂಡೆಯ ಒದ್ದೆ ಮರಳಿನ ಮೇಲೆ ಕಾರು ಓಡಿಸಬೇಡಿ. ಕಡಲಬ್ಬರದ ದಿನ ರಸ್ತೆಗೆ ಬಂದ ಅಲೆಯ ನೀರನ್ನು ದಾಟಬೇಕಾಗಿ ಬಂದಿದ್ದರೆ ಅದೇ ದಿನ ತೊಳೆಯಿರಿ, ಭಾನುವಾರಕ್ಕೆ ಇಟ್ಟುಕೊಳ್ಳಬೇಡಿ.

ಒಳಭಾಗವನ್ನೂ ಮರೆಯಬೇಡಿ. ಮಳೆಗಾಲವಿಡೀ ಒದ್ದೆ ಚಪ್ಪಲಿಯ ನೀರು ಮ್ಯಾಟಿನ ಕೆಳಗಿನ ಕಾರ್ಪೆಟ್ಟಿಗೆ ಇಳಿದಿರುತ್ತದೆ. ಮ್ಯಾಟ್ ತೆಗೆದು ಅಂಗೈ ಒತ್ತಿ ನೋಡಿ. ತಣ್ಣಗೆ ತೇವ ಅನಿಸಿದರೆ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ ಪೂರ್ತಿ ಒಣಗಿಸಿ. ಚಾಲಕನ ಪಕ್ಕದ ಸೀಟಿನ ಕಡೆ ಮಾತ್ರ ಒದ್ದೆಯಿದ್ದರೆ ಎ.ಸಿ. ನೀರಿನ ಪೈಪ್ ಕಟ್ಟಿಕೊಂಡಿರಬಹುದು. ಬ್ಯಾಟರಿಯ ಟರ್ಮಿನಲ್‌ಗಳಿಗೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಕರಾವಳಿಯ ಕಾರುಗಳಲ್ಲಿ ಕಾರಣವಿಲ್ಲದೆ ದೀಪ ಮಂಕಾಗುವುದು, ಸ್ಟಾರ್ಟ್ ಆಗಲು ತಡವಾಗುವುದು ಎಷ್ಟೋ ಸಲ ಬಾಡಿಗೆ ಬಿಗಿದ ಅರ್ಥ್ ವೈರಿನ ತುದಿ ಹಸಿರುಗಟ್ಟಿರುವುದರಿಂದ. ಮಳೆಗಾಲದಲ್ಲಿ ವಾರಗಟ್ಟಲೆ ಕಾರು ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಇಲ್ಲವಾದರೆ ಹಿಂದಿನ ಬ್ರೇಕ್ ತುಕ್ಕಿನಿಂದ ಅಂಟಿಕೊಳ್ಳುತ್ತದೆ.

ಮಾರುವ ಮಾತು ಸದ್ಯ ಬೇಡ. ನೀವು ಬರೆದಿರುವಷ್ಟರ ಮೇಲೆ ನೋಡಿದರೆ ಈ ಕಾರಿಗೆ ಮುಂದೆ ಇನ್ನೂ ಬಹಳ ವರ್ಷಗಳ ಆಯುಷ್ಯವಿದೆ. ದಿನವೂ ದೂರ ಓಡುವುದೂ ಒಳ್ಳೆಯದೇ: ಸೈಲೆನ್ಸರಿನೊಳಗಿನ ನೀರು ಆರುತ್ತದೆ, ಪೇಟೆಯೊಳಗೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರುಗಳಲ್ಲಿ ಅದು ಒಳಗಿನಿಂದಲೇ ತೂತಾಗುತ್ತದೆ. ಆದರೆ ತೊಳೆಸಲು ಎತ್ತಿದ ದಿನವೇ ಮೂರು ಜಾಗಗಳನ್ನು ಮೆಕ್ಯಾನಿಕ್ ಜೊತೆ ನೋಡಿ. ರನ್ನಿಂಗ್ ಬೋರ್ಡಿನ ತಳ ಮತ್ತು ಜ್ಯಾಕ್ ಕೊಡುವ ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಟಣ್ ಎಂಬ ಗಟ್ಟಿ ಸದ್ದು ಬರಬೇಕು. ಸಸ್ಪೆನ್ಷನ್ ಬಾಡಿಗೆ ಸೇರುವ ಕಡೆ ತುಕ್ಕು ಹಾಳೆ ಹಾಳೆಯಾಗಿ ಎದ್ದಿದೆಯೇ ನೋಡಿ. ಬ್ರೇಕ್ ಪೈಪುಗಳ ಮೇಲೆ ಬಟ್ಟೆಯಿಂದ ಒರೆಸಿದಾಗ ಬಣ್ಣ ಮಾತ್ರ ಹೋಗುತ್ತದೆಯೇ, ಚಕ್ಕೆ ಉದುರುತ್ತದೆಯೇ ಎಂದು ಪರೀಕ್ಷಿಸಿ. ಬ್ರೇಕ್ ಪೈಪ್ ಚಕ್ಕೆ ಬಿಡುತ್ತಿದ್ದರೆ ಅದೇ ದಿನ ಬದಲಾಯಿಸಿ, ಹಾಗೆಯೇ ಸುರತ್ಕಲ್‌ಗೆ ಹೊರಡಬೇಡಿ. ತಟ್ಟಿದ ಸದ್ದು ಮೆತ್ತಗೆ ಬಂದು ತಗಡು ಒಳಸರಿದರೆ ನನಗೆ ಫೋಟೋಗಳೊಂದಿಗೆ ಮತ್ತೆ ಬರೆಯಿರಿ, ರಿಪೇರಿ ಮಾಡಿಸಬೇಕೋ ಮಾರಬೇಕೋ ಎಂಬುದನ್ನು ಆಗ ನೋಡೋಣ. ಮೂರೂ ಸರಿಯಿದ್ದರೆ ಜನವರಿಯ ಮೇಣದ ಕೆಲಸಕ್ಕೆ ಈಗಲೇ ಗ್ಯಾರೇಜಿನವರೊಂದಿಗೆ ಮಾತನಾಡಿಟ್ಟುಕೊಳ್ಳಿ. ಮೇ ತಿಂಗಳಿನಲ್ಲಿ ಎಲ್ಲರೂ ಒಟ್ಟಿಗೆ ಬರುವುದರಿಂದ ಆಗ ಒಂದು ರಾತ್ರಿ ಕಾರು ಒಣಗಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ.